ಅಪಾರ್ಟ್‌ಮೆಂಟ್ ಕಸಕ್ಕೆ ಯಾವ ಗುತ್ತಿಗೆದಾರ? ರೇಟಿನ ಜೊತೆ ಕೂಲಿಯನ್ನೂ ಹೋಲಿಸಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ಕೊಟೇಶನ್ ಬರುತ್ತವೆ.

ಮೊದಲನೆಯದು ಅಗ್ಗ. ಗಾಡಿ ಗುತ್ತಿಗೆದಾರರದು, ಆಳುಗಳು ಕೂಲಿಯವರನ್ನು ಕರೆತರುವ ಮೇಸ್ತ್ರಿಯ ಕಡೆಯವರು. ಅಪಾಯ ಇರುವುದು ಇಲ್ಲೇ. ಊರಿಂದ ಬರುವಾಗಲೇ ಮುಂಗಡ ಸಾಲ, ಗುಜರಿ ಗೋಡೌನ್ ಪಕ್ಕದ ಶೆಡ್‌ನಲ್ಲಿ ವಾಸ, ಕೂಲಿಯಲ್ಲಿ ಕಡಿತ. ಸಾಲ ತೀರೋವರೆಗೆ ಬಿಟ್ಟು ಹೋಗುವಂತಿಲ್ಲ ಅಂದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದನ್ನು ನಿಷೇಧಿಸಿದೆ, ಸಾಲವನ್ನೂ ರದ್ದು ಮಾಡುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಎರಡನೆಯದು ದುಬಾರಿ. ಆಳುಗಳು ನೇರ ನೌಕರರು, ಸಂಬಳ ಬ್ಯಾಂಕ್ ಖಾತೆಗೆ, ಜೊತೆಗೆ ಪಿಎಫ್, ಇಎಸ್‌ಐ. ಕಸ ಆಯುವವರನ್ನು ಸಂಘಟಿಸಿದ ಹಸಿರು ದಳದಂಥ ಸಂಸ್ಥೆಗಳೂ ನಮ್ಮಲ್ಲಿವೆ.

ಆದರೆ ದುಬಾರಿ ಅಂದ ಮಾತ್ರಕ್ಕೆ ಶುದ್ಧ ಅಂತಲ್ಲ. ಗಾಡಿಯ ಹುಡುಗರಿಗೆ ಸಂಬಳ ಸರಿಯಿದ್ದರೂ, ಒಣಕಸ ಕೊಳ್ಳುವ ಗುಜರಿ ಗೋಡೌನ್‌ನಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುವವರ ಗತಿ ಏನು? ಇಬ್ಬರನ್ನೂ ಇದನ್ನೇ ಕೇಳಿ: ಒಣಕಸ ಯಾರಿಗೆ ಮಾರುತ್ತೀರಿ, ಆ ಜಾಗ ನೋಡಬಹುದಾ? ಆಧಾರ್ ಕಾರ್ಡ್ ಕೆಲಸಗಾರರ ಕೈಲೇ ಇದೆಯಾ? ಮಕ್ಕಳು ಕೆಲಸ ಮಾಡ್ತಿದ್ದಾರಾ? ಮೇಸ್ತ್ರಿ ಇಲ್ಲದಾಗ, ಅವರ ಭಾಷೆ ಬಲ್ಲವರ ಮೂಲಕ ಮಾತಾಡಿಸಿ. ಸುಮ್ನೆ ಸಹಿ ಹಾಕಿದ ಘೋಷಣಾ ಪತ್ರ ಸಾಲದು.

ನನ್ನ ಆಯ್ಕೆ ಎರಡನೆಯದೇ, ಗೋಡೌನ್ ತೋರಿಸಿದರೆ ಮಾತ್ರ. ಬಜೆಟ್ ಸಾಲದಿದ್ದರೆ ಮೊದಲನೆಯವರ ರೇಟ್ ಹೆಚ್ಚಿಸಿ, ಆ ಹಣ ಕೂಲಿಗೇ ಹೋಗಬೇಕೆಂದು ಕರಾರಿನಲ್ಲಿ ಬರೆಸಿ. ಪ್ರತಿ ತಿಂಗಳು ಸಂಬಳದ ದಾಖಲೆ ನೋಡಿದ ಮೇಲೇ ಬಿಲ್ ಪಾಸ್ ಮಾಡಿ. ಜೀತದ ಸುಳಿವು ಸಿಕ್ಕರೆ ಗುತ್ತಿಗೆ ಮುರಿದು ಕೈತೊಳೆದುಕೊಳ್ಳಬೇಡಿ. ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ದೂರು ಕೊಡಿ.