ಮೂರು ಎಂಎಂ540, ಮೂರು ದಾರಿ: ಬ್ರೇಕ್, ಆಕ್ಸಲ್, ಎಂಜಿನ್ ಹೋಲಿಕೆ

ಹಳೇ ಜೀಪು ಕೊಂಡವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ಯಾವುದು ಹಾಕಿಸಲಿ, ಎಷ್ಟು ಹಾರ್ಸ್‌ಪವರ್ ಬರುತ್ತೆ, ನೈಸ್ ರೋಡಲ್ಲಿ ನೂರು ಮುಟ್ಟುತ್ತಾ? ಬ್ರೇಕ್ ವಿಚಾರ ಎತ್ತುವವರು ಕಡಿಮೆ. ನನ್ನ ಲೆಕ್ಕದಲ್ಲಿ ಕ್ರಮ ಪೂರ್ತಿ ಉಲ್ಟಾ: ಮೊದಲು ಬ್ರೇಕ್, ಆಮೇಲೆ ಆಕ್ಸಲ್, ಕೊನೆಗೆ ಎಂಜಿನ್. ನಮ್ಮ ಗುಂಪಿನ ಮೂರು ಮಹೀಂದ್ರ ಎಂಎಂ540ಗಳನ್ನು ಒಂದೇ ದಾರಿಗಳಲ್ಲಿ ಅದಲು ಬದಲು ಮಾಡಿ ಓಡಿಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೂರೂ ಹೆಚ್ಚುಕಮ್ಮಿ ಒಂದೇ ಸ್ಥಿತಿಯಲ್ಲಿ ಕೈಗೆ ಬಂದವು, ಆಮೇಲೆ ದಾರಿ ಬೇರೆಯಾಯಿತು. ನನ್ನದಕ್ಕೆ ಮುಂದೆ ಡಿಸ್ಕ್ ಬಂತು, ಆಕ್ಸಲ್ ಒಳಗೆ ಚಕ್ರ ತಿರುಗಿಸುವ ಗೇರ್ ಜೋಡಿ, ಅಂದರೆ ಕ್ರೌನ್-ಪಿನಿಯನ್, ಬದಲಾಯಿತು, ಹಳೇ ಪ್ಯೂಜೋ ಎಂಜಿನ್ನೇ ಬಿಚ್ಚಿ ಹೊಸದಾಗಿ ಕಟ್ಟಿಸಿದೆ. ಯಲಹಂಕದ ಗೆಳೆಯ ಡ್ರಮ್ ಬ್ರೇಕನ್ನೇ ಸರಿಮಾಡಿಸಿ, ಆಕ್ಸಲ್ ಮುಟ್ಟದೆ, ಬೊಲೆರೊದ ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್) ಎಂಜಿನ್ ಕೂರಿಸಿದ. ಕೆಂಗೇರಿಯವನು ಹಳೇ ಥಾರ್‌ನ ಸಿಆರ್‌ಡಿಇ ಎಂಜಿನ್ನೇ (ಕಂಪ್ಯೂಟರ್ ನಿಯಂತ್ರಣದ ಕಾಮನ್ ರೈಲ್ ಡೀಸೆಲ್) ಬೇಕು ಎಂದು ಹೊರಟ.

ಬ್ರೇಕಿನಿಂದ ಶುರು ಮಾಡೋಣ. ಎಂಎಂ540ಗೆ ನಾಲ್ಕೂ ಚಕ್ರಕ್ಕೆ ಡ್ರಮ್: ಮುಚ್ಚಿದ ಡಬ್ಬಿಯೊಳಗೆ ಬಾಗಿದ ಶೂಗಳು ಒತ್ತಿ ಚಕ್ರ ನಿಲ್ಲಿಸುತ್ತವೆ. ಡಿಸ್ಕ್ ಆದರೆ ತೆರೆದ ತಟ್ಟೆಯನ್ನು ಎರಡು ಪ್ಯಾಡು ಅದುಮುತ್ತವೆ. ಡ್ರಮ್ ಅಂದರೆ ಕಳಪೆ ಎನ್ನುವ ಮಾತು ಸುಲಭವಾಗಿ ಬಂದುಬಿಡುತ್ತದೆ, ಯಲಹಂಕದ ಜೀಪು ಓಡಿಸಿದರೆ ಆ ಮಾತು ಹಿಂದಕ್ಕೆ ಹೋಗುತ್ತದೆ. ಅವನು ನಾಲ್ಕೂ ಡ್ರಮ್ಮನ್ನು ಲೇತಿಗೆ ಕೊಟ್ಟು ಸಮ ಮಾಡಿಸಿದ, ಶೂಗಳನ್ನು ಅದೇ ಬಾಗಿಗೆ ಉಜ್ಜಿಸಿದ, ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲ ಹೊಸದು ಹಾಕಿಸಿದ. ಜೊತೆಗೆ ಟ್ಯಾಂಡಮ್ (ಎರಡು ಕೋಣೆಯ) ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ, ಮತ್ತು ವ್ಯಾಕ್ಯೂಮ್ ಬಲದಿಂದ ಪೆಡಲ್ ಹಗುರ ಮಾಡುವ ಬೂಸ್ಟರ್. ಟ್ಯಾಂಡಮ್ ಇದ್ದರೆ ಒಂದು ಪೈಪು ಒಡೆದರೂ ಎರಡು ಚಕ್ರಕ್ಕಾದರೂ ಬ್ರೇಕ್ ಉಳಿಯುತ್ತದೆ. ಒಂದೇ ಕೋಣೆಯ ಹಳೇ ಮಾಸ್ಟರ್ ಸಿಲಿಂಡರ್ ಇಟ್ಟುಕೊಂಡು ಘಾಟಿ ಇಳಿಯುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಬೂಸ್ಟರ್ ಹಾಕಿಸುವವರು ಇನ್ನೊಂದು ಸಂಗತಿ ನೆನಪಿಡಬೇಕು. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಪೆಟ್ರೋಲಿನಂತೆ ವ್ಯಾಕ್ಯೂಮ್ ಸಿಗುವುದಿಲ್ಲ, ಆಲ್ಟರ್ನೇಟರ್ ಬೆನ್ನಿಗೆ ಕೂರುವ ವ್ಯಾಕ್ಯೂಮ್ ಪಂಪ್ ಬೇಕು. ಪಂಪಿಗೆ ಎಣ್ಣೆ ಹೋಗುವ ಪೈಪು ಬಿಗಿಯಾಗಿಲ್ಲದಿದ್ದರೆ ಬೂಸ್ಟರ್ ಇದ್ದೂ ಇಲ್ಲದ ಹಾಗೆ.

ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅವನ ಡ್ರಮ್ಮಿಗೂ ನನ್ನ ಡಿಸ್ಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆಟೋ ಅಡ್ಡ ಬಂದರೆ ಎರಡೂ ನಿಲ್ಲುತ್ತವೆ. ವ್ಯತ್ಯಾಸ ತಿಳಿದದ್ದು ನಂದಿ ಬೆಟ್ಟ ಇಳಿಯುವಾಗ. ಮೇಲೆ 1,478 ಮೀಟರ್, ಕೆಳಗಿನ ತನಕ ಹೇರ್‌ಪಿನ್ ತಿರುವುಗಳು. ಸೆಕೆಂಡ್ ಗೇರಿನಲ್ಲೇ ಇಳಿದರೂ ಅರ್ಧ ದಾರಿಯ ನಂತರ ಡ್ರಮ್ ಜೀಪಿನ ಪೆಡಲ್ ಮೊದಲಿಗಿಂತ ಬಲವಾಗಿ ಒತ್ತಬೇಕಾಗುತ್ತದೆ, ಲೈನರ್ ಸುಟ್ಟ ವಾಸನೆಯೂ ಮೂಗಿಗೆ ಬಡಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತದೆ, ಬಿಸಿ ಬೇಗ ಬಿಟ್ಟುಕೊಡುತ್ತದೆ. ನನ್ನ ಜೀಪಿನಲ್ಲಿ ಮೊದಲ ತಿರುವಿನಲ್ಲಿ ಎಷ್ಟು ಒತ್ತಿದ್ದೆನೋ ಕೊನೆಯದರಲ್ಲೂ ಅಷ್ಟೇ.

ನೀರಿನಲ್ಲಿ ಅಂತರ ಇನ್ನೂ ದೊಡ್ಡದು. ಕನಕಪುರದ ಕಡೆ ಅರ್ಕಾವತಿ ದಾಟಿ ದಡ ಹತ್ತಿದಾಗ ಯಲಹಂಕದ ಜೀಪಿನ ಪೆಡಲ್ ಕಲ್ಲಿನಂತೆ ಗಟ್ಟಿ, ಗಾಡಿ ಮಾತ್ರ ನಿಲ್ಲುವುದಿಲ್ಲ. ಒಳಗೆ ನಿಂತ ನೀರು ಆರುವ ತನಕ ಎಡಗಾಲಲ್ಲಿ ಬ್ರೇಕ್ ಮೆಲ್ಲಗೆ ಅದುಮಿಕೊಂಡೇ ಹೋಗಬೇಕು. ಕೆಸರು ಸೇರಿದ್ದರೆ ಮನೆಗೆ ಬಂದು ಡ್ರಮ್ ಬಿಚ್ಚಿ ತೊಳೆಯಲೇಬೇಕು, ಇಲ್ಲದಿದ್ದರೆ ಒಳಗಿನ ಮರಳೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಡಿಸ್ಕ್ ಒಂದೆರಡು ಸುತ್ತಿನಲ್ಲಿ ನೀರನ್ನು ಒರೆಸಿಕೊಳ್ಳುತ್ತದೆ.

ಹಾಗಂತ ಡಿಸ್ಕ್ ಬರೀ ಬೋಲ್ಟ್ ಬಿಗಿಯುವ ಕೆಲಸ ಅಲ್ಲ. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಲೈನಿನ ಒತ್ತಡ ಸ್ವಲ್ಪ ಉಳಿಸುವ ಪುಟ್ಟ ವಾಲ್ವ್ ಇರುತ್ತದೆ. ಆ ಒತ್ತಡ ಡಿಸ್ಕಿಗೆ ಹೋದರೆ ಪ್ಯಾಡು ಸದಾ ಉಜ್ಜುತ್ತಲೇ ಇರುತ್ತದೆ. ಮೇಲಾಗಿ ಪ್ಯಾಡನ್ನು ಅದುಮುವ ಕ್ಯಾಲಿಪರಿನ ಪಿಸ್ಟನ್ನಿಗೆ ಹೆಚ್ಚು ಬ್ರೇಕ್ ಆಯಿಲ್ ಬೇಕು. ಹಾಗಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಗಾಡಿಯ ಮಾಸ್ಟರ್ ಸಿಲಿಂಡರ್ರೇ ಸರಿ. ನನ್ನ ಮೆಕ್ಯಾನಿಕ್ ಕೆಲಸ ಮುಗಿಸಿದ ಮೇಲೆ ಚಕ್ರಕ್ಕೆ ಜಾಕ್ ಕೊಟ್ಟು, ಬ್ರೇಕ್ ಒತ್ತಿ ಬಿಟ್ಟು, ಕೈಯಿಂದ ಟೈರ್ ತಿರುಗಿಸಿ ಕಿವಿ ಹತ್ತಿರ ತಂದು ಕೇಳಿದ. ಸಣ್ಣಗೆ ಸರ್ ಎನ್ನುವ ಸದ್ದು ಬಂದು ಚಕ್ರ ತನ್ನಷ್ಟಕ್ಕೆ ಇನ್ನೂ ಸುತ್ತಿತು. ಹಾಗಿದ್ದರೆ ಸರಿ, ಅಲ್ಲೇ ಗಕ್ಕನೆ ನಿಂತರೆ ಮತ್ತೆ ಬಿಚ್ಚಬೇಕು. ಹಿಂದಿನ ಚಕ್ರ ಮೊದಲು ಲಾಕ್ ಆಗದಂತೆ ಪ್ರೊಪೋರ್ಷನಿಂಗ್ ವಾಲ್ವೂ ಹಾಕಿಸಿಕೊಳ್ಳಿ. ಜೀಪಿನ ಹಿಂಭಾಗ ಖಾಲಿ ಇದ್ದಾಗ ಹಗುರ, ಜಲ್ಲಿ ರಸ್ತೆಯಲ್ಲಿ ಬಾಲ ಬೀಸುತ್ತದೆ.

ವಾರಕ್ಕೊಮ್ಮೆ ಲಾಲ್‌ಬಾಗಿಗೋ ಮೈಸೂರು ರಸ್ತೆಯ ತಿಂಡಿಗೋ ಹೋಗುವ ಜೀಪಿಗೆ ಯಲಹಂಕದವನ ದಾರಿ ಸಾಕು, ಖರ್ಚೂ ಕಡಿಮೆ. ಸಕಲೇಶಪುರ, ಬಿಸಿಲೆ ಎಂದು ಮಳೆಗಾಲದಲ್ಲಿ ಹೊರಡುವವರು ಡಿಸ್ಕ್ ಹಾಕಿಸಲಿ.

ಆಕ್ಸಲ್ ಮತ್ತು ಎಂಜಿನ್ ಬೇರೆ ಬೇರೆ ತೀರ್ಮಾನ ಎಂದು ಅಂದುಕೊಂಡರೆ ಎರಡೂ ಕೆಡುತ್ತವೆ. ನನ್ನ ಹಿಂದಿನ ಹೌಸಿಂಗ್ ಬಿಚ್ಚಿ ಹಲ್ಲು ಎಣಿಸಿದಾಗ ಕ್ರೌನಿಗೆ 43, ಪಿನಿಯನ್‌ಗೆ 8. ಅಂದರೆ 5.38, ಹಳೇ ವಿಲ್ಲಿಸ್ ಜೀಪಿನ ಕಾಲದ ಅನುಪಾತ: ಚಕ್ರ ಒಂದು ಸುತ್ತು ಬರಲು ಶಾಫ್ಟ್ 5.38 ಸುತ್ತು ತಿರುಗಬೇಕು. ಹಲವು ಕೈ ಬದಲಾದ ಜೀಪುಗಳಲ್ಲಿ ಯಾವ ಸೆಟ್ ಇದೆಯೆಂದು ಬಿಚ್ಚಿ ನೋಡದೆ ಹೇಳಲಾಗದು. 6.00-16 ಟೈರಿನಲ್ಲಿ, ನೇರ ಟಾಪ್ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,200 ಸುತ್ತು ತಿರುಗಬೇಕು. ನಾನು 39-8ರ ಸೆಟ್, ಅಂದರೆ 4.88 ಹಾಕಿಸಿದ ಮೇಲೆ ಅದೇ ವೇಗಕ್ಕೆ 2,900ರ ಆಸುಪಾಸು. ತುಮಕೂರು ರಸ್ತೆಯಲ್ಲಿ ಪಕ್ಕದವರ ಜೊತೆ ಕೂಗದೆ ಮಾತಾಡಬಹುದು. ಕಡಿದಾದ ಏರಿಗೆ ಬಳಸುವ ನಿಧಾನ ಗೇರುಗಳಲ್ಲಿ, ಅಂದರೆ ಲೋ ರೇಂಜಿನಲ್ಲಿ, ಎಳೆತ ಶೇಕಡಾ 9ರಷ್ಟು ಇಳಿಯಿತು, ಬಂಡೆ ಹತ್ತುವಾಗ ಕ್ಲಚ್ ಸ್ವಲ್ಪ ಹೆಚ್ಚು ಆಡಿಸಬೇಕು. ನನಗೆ ಈ ವ್ಯಾಪಾರ ಒಪ್ಪಿಗೆಯಾಯಿತು. ಒಂದು ಎಚ್ಚರ: ಹಿಂದಿನದು ಬದಲಿಸಿದರೆ ಮುಂದಿನದೂ ಅದೇ ಅನುಪಾತಕ್ಕೆ ಬರಲೇಬೇಕು. ಇಲ್ಲದೆ ಫೋರ್‌ವೀಲ್ ಹಾಕಿದರೆ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ.

ಈಗ ಯಲಹಂಕದ ಡಿಐ ನೋಡಿ. 2,523 ಸಿಸಿ, ಬೋರ್ 88.9, ಸ್ಟ್ರೋಕ್ 101.6 ಮಿ.ಮೀ. ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಎಂಜಿನ್ನಿನ ವಂಶ. ಉದ್ದ ಸ್ಟ್ರೋಕ್, ಕೆಳಗಿನ ಸುತ್ತಿನಲ್ಲೇ ಎಳೆತ. ಸಾವನದುರ್ಗದ ಕಡೆಯ ಕಲ್ಲು ಏರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಹತ್ತಿತು, ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಆ ಎಂಜಿನ್ನಿನ ದಮ್ಮು 3,200ರ ಹೊತ್ತಿಗೆ ಮುಗಿಯುತ್ತದೆ. 5.38 ಆಕ್ಸಲ್ ಹಾಗೇ ಉಳಿಸಿಕೊಂಡಿದ್ದರಿಂದ 80ಕ್ಕೆ ಅದು ತನ್ನ ಮಿತಿಯಲ್ಲೇ ನಿಂತಿರುತ್ತದೆ. ಡಿಐ ಹಾಕಿಸುವವರು 4.88ಕ್ಕೋ ಇನ್ನೂ ಕಡಿಮೆ ಅಂಕಿಯ ಅನುಪಾತಕ್ಕೋ ಹೋಗದಿದ್ದರೆ ಹೈವೇ ಮರೆತುಬಿಡಬೇಕು. ಐದು ಗೇರಿನ ಬಾಕ್ಸ್ ಹಾಕಿಸುವುದು ಇನ್ನೊಂದು ದಾರಿ.

ನನ್ನ ಪ್ಯೂಜೋ ಎಕ್ಸ್‌ಡಿಪಿ 4.90 ಹೆಸರೇ ಹೇಳುವಂತೆ ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್. 2,112 ಸಿಸಿ, ಸುಮಾರು 62 ಹಾರ್ಸ್‌ಪವರ್. ಡಿಐಗಿಂತ ನಯ, ಮೇಲಿನ ಸುತ್ತಿಗೂ ಸಂತೋಷದಿಂದ ಹೋಗುತ್ತದೆ. ಚಳಿಗಾಲದ ಬೆಳಗ್ಗೆ ಹೀಟರ್ ಪ್ಲಗ್ಗಿಗೆ ಕಾಯಬೇಕು, ಡಿಐಗೆ ಆ ರಗಳೆ ಇಲ್ಲ. ಬಿಡಿಭಾಗ ಹುಡುಕಲು ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲ ಸುತ್ತಬೇಕು. ಡಿಐನ ಸಾಮಾನು ಯಾವ ಹೋಬಳಿಯ ಅಂಗಡಿಯಲ್ಲೂ ಸಿಗುತ್ತದೆ. ಕಾಡಿನಂಚಿನಲ್ಲಿ ಕೆಟ್ಟು ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ.

ಕೆಂಗೇರಿಯ ಸಿಆರ್‌ಡಿಇ ಓಡಿಸಲು ಮೂರರಲ್ಲೂ ಮಜಾ. 105 ಹಾರ್ಸ್‌ಪವರ್, 247 ನ್ಯೂಟನ್ ಮೀಟರ್, ಅಂದರೆ ನನ್ನದರ ಎರಡು ಪಟ್ಟು ಟಾರ್ಕ್. ಆ ಭಾರ ಹಳೇ ಗೇರ್‌ಬಾಕ್ಸ್ ತಡೆಯುವುದಿಲ್ಲ, ಅದನ್ನು ಬದಲಿಸಿದ. ಜೊತೆಗೆ ಟ್ರಾನ್ಸ್‌ಫರ್ ಕೇಸೂ ಬಂತು. ಹಿಂದಿನ ಶಾಫ್ಟ್ ಹೊರಡುವ ಜಾಗ ಬೇರೆಯಾದ್ದರಿಂದ ಹಿಂದಿನ ಆಕ್ಸಲ್ಲೂ ಬದಲಾಯಿತು. 2015ರ ಥಾರ್‌ನಿಂದ ಬಂದ ಈಟನ್ ಲಾಕಿಂಗ್ ಡಿಫರೆನ್ಷಿಯಲ್ (ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಸಾಧನ) ಇದ್ದದ್ದೇ ಸಿಕ್ಕಿತು, ಒಂದು ಚಕ್ರ ಗಾಳಿಯಲ್ಲಿ ತೇಲಿದಾಗ ಅದು ಮಾಡುವ ಕೆಲಸಕ್ಕೆ ನನ್ನ ಜೀಪಿನಲ್ಲಿ ಉತ್ತರವಿಲ್ಲ. ಆದರೆ ಆ ಥಾರ್‌ನ ಮುಂಭಾಗ ಟಾರ್ಷನ್ ಬಾರಿನ ಇಂಡಿಪೆಂಡೆಂಟ್ ಸಸ್ಪೆನ್ಷನ್, ನಮ್ಮ ಲೀಫ್ ಸ್ಪ್ರಿಂಗ್ ಚಾಸಿಗೆ ಕೂರುವುದಿಲ್ಲ. ಮುಂದಿನ ಗಟ್ಟಿ ಆಕ್ಸಲ್ಲಿಗೆ ಹಿಂದಿನದಕ್ಕೆ ಹೊಂದುವ ಕ್ರೌನ್ ಸೆಟ್ ಬೇರೆ ಹುಡುಕಬೇಕಾಯಿತು. ಆಮೇಲೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು, ವೈರಿಂಗ್, ಸೆನ್ಸರ್‌ಗಳು. ನೀರಿಗಿಳಿಯುವಾಗ ನಮ್ಮಿಬ್ಬರಿಗೆ ಏರ್ ಫಿಲ್ಟರ್ ಚಿಂತೆ ಮಾತ್ರ, ಅವನಿಗೆ ಕನೆಕ್ಟರ್‌ಗಳದ್ದೂ. ಸ್ವಂತ ಶೆಡ್ಡು, ಸ್ಕ್ಯಾನರ್ ಇರುವ ಮೆಕ್ಯಾನಿಕ್, ಮತ್ತು ತಿಂಗಳುಗಟ್ಟಲೆ ತಾಳ್ಮೆ ಇದ್ದರೆ ಮಾತ್ರ ಈ ದಾರಿ.

ನನಗೆ ಇವತ್ತು ಹೊಸದಾಗಿ ಆರಿಸಲು ಕೊಟ್ಟರೆ ಡಿಸ್ಕ್, 4.88, ಡಿಐ ತೆಗೆದುಕೊಳ್ಳುತ್ತೇನೆ. ಪ್ಯೂಜೋ ಆರೋಗ್ಯವಾಗಿದ್ದರೆ ಅದನ್ನು ಕಿತ್ತು ಹಾಕಲು ಮನಸ್ಸು ಬಾರದು, ಸವೆದು ಹೋಗಿದ್ದರೆ ಮಾತ್ರ ಡಿಐ.

ಎಂಜಿನ್ ಬದಲಿಸುವವರು ಕಾಗದ ಮೊದಲು ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಓ ಅನುಮತಿ ಬೇಕು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿದೆ. 15 ವರ್ಷ ದಾಟಿದ ಗಾಡಿ ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟಿಗೆ) ಹೋದಾಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ ಎಂಜಿನ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡುತ್ತಾರೆ. ಗುಜರಿಯಲ್ಲಿ ಎಂಜಿನ್ ಆರಿಸುವಾಗ ನಂಬರಿನ ಜಾಗವನ್ನು ಡೀಸೆಲ್ಲಿನಿಂದ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದುಕೊಳ್ಳಿ. ಆ ಎಂಜಿನ್ ಇದ್ದ ಗಾಡಿಯ ದಾಖಲೆ, ಅಂಗಡಿಯ ಬಿಲ್ಲು ಕೈಗೆ ಬಾರದೆ ಮುಂಗಡ ಕೊಡಬೇಡಿ.