ಒಂದೇ ಬೇಲಿ, ಎರಡು ಮಷಿನ್: ಮಳೆಗಾಲದಲ್ಲಿ ಯಾವುದು ತಾಳುತ್ತದೆ?

ಸೋಲಾರ್ ಬೇಲಿಗೆ ಮಷಿನ್ ತರೋಣ ಅಂತ ಅಂಗಡಿಗೆ ಹೋದರೆ ಮೊದಲು ಕೇಳಿಬರುವ ಮಾತು ಒಂದೇ: "ಇದು ಹತ್ತು ಸಾವಿರ ವೋಲ್ಟ್ ಹೊಡೆಯುತ್ತೆ ಸಾರ್." ಡಬ್ಬದ ಮೇಲೂ ಅದೇ ದಪ್ಪ ಅಕ್ಷರ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಎರಡು ಜಾತಿಯ ಮಷಿನ್‌ಗಳನ್ನು ಒಂದೇ ಬೇಲಿಗೆ ಬದಲಿಸಿ ಬದಲಿಸಿ ಹಾಕಿದ್ದೇನೆ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಮೀಟರ್ ಹಿಡಿದು ನೋಡಿದ್ದೇನೆ. ಆ ಹತ್ತು ಸಾವಿರ ನೋಡಿ ದುಡ್ಡು ಕೊಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಷಿನ್ ಒಳಗೆ ನಡೆಯುವುದೇನು ಅಂತ ನೋಡೋಣ. 12 ವೋಲ್ಟ್ ಬ್ಯಾಟರಿಯ ಕರೆಂಟನ್ನು ಕೆಲವು ನೂರು ವೋಲ್ಟ್‌ಗೆ ಏರಿಸಿ ಒಂದು ಕೆಪಾಸಿಟರ್‌ನಲ್ಲಿ ಕೂಡಿಡುತ್ತದೆ. ಕೂಡಿಡಲು ಸುಮಾರು ಒಂದು ಸೆಕೆಂಡು. ಆಮೇಲೆ ಎಸ್‌ಸಿಆರ್ ಎಂಬ ಸ್ವಿಚ್ಚು ಆನ್ ಆಗಿ, ಅಷ್ಟನ್ನೂ ಟ್ರಾನ್ಸ್‌ಫಾರ್ಮರ್ ಮೂಲಕ ಒಂದೇ ಏಟಿಗೆ ಬೇಲಿಗೆ ಬಿಡುತ್ತದೆ. ಬಿಡುವುದಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. 20 ಮೈಕ್ರೋಫ್ಯಾರಡ್ ಕೆಪಾಸಿಟರ್, 600 ವೋಲ್ಟ್ ಅಂತಿಟ್ಟುಕೊಳ್ಳಿ. ಕೂಡಿದ ಶಕ್ತಿ 3.6 ಜೂಲ್. ಸೆಕೆಂಡಿಗೊಮ್ಮೆ ಅಷ್ಟು ತುಂಬಲು ಬ್ಯಾಟರಿಗೆ ಬೀಳುವ ಹೊರೆ ಸಣ್ಣ ಎಲ್‌ಇಡಿ ಬಲ್ಬಿನಷ್ಟು, ನಾಲ್ಕು ವ್ಯಾಟ್ ಆಸುಪಾಸು. ಅದೇ 3.6 ಜೂಲ್ 200 ಮೈಕ್ರೋಸೆಕೆಂಡಿನಲ್ಲಿ ಹೊರಬಿದ್ದರೆ ಆ ಕ್ಷಣಕ್ಕೆ 18 ಕಿಲೋವ್ಯಾಟ್! ಪಲ್ಸ್ಡ್ ಪವರ್ ಅಂದರೆ ಇಷ್ಟೇ. ನಿಧಾನಕ್ಕೆ ಕೂಡಿಡು, ಥಟ್ಟನೆ ಬಿಡು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಝಡ್ ಮಷಿನ್ 36 ಮಾರ್ಕ್ಸ್ ಜನರೇಟರ್‌ಗಳಲ್ಲಿ, ಅಂದರೆ ಕೆಪಾಸಿಟರ್‌ಗಳ ದೊಡ್ಡ ಗೊಂಚಲುಗಳಲ್ಲಿ, ಶಕ್ತಿ ಕೂಡಿಟ್ಟು ಎರಡೂವರೆ ಕೋಟಿ ಆಂಪಿಯರ್ ದಾಟುವ ಕರೆಂಟನ್ನು ಒಂದೇ ಪಲ್ಸಿನಲ್ಲಿ ಹರಿಸುತ್ತದೆ. ಅದರ ಮೂಲ ಸೂತ್ರವೂ ಇದೇ. ನಮ್ಮ ಕಾಫಿ ಕಣದ ಮೂಲೆಯಲ್ಲಿ ಟಕ್ ಟಕ್ ಅನ್ನುವ ಡಬ್ಬ ಅದೇ ವಂಶದ್ದು ಅಂತ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಕರೆಂಟ್ ಕಂಬದಿಂದ ನೇರವಾಗಿ ಬೇಲಿಗೆ ತಂತಿ ಎಳೆಯುವವರು ಇನ್ನೂ ಇದ್ದಾರೆ. ಅದನ್ನು ಈ ಹೋಲಿಕೆಗೆ ಸೇರಿಸುವುದೇ ಇಲ್ಲ. 230 ವೋಲ್ಟ್ ಬಿಡದೆ ಹರಿಯುತ್ತದೆ. ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ, ಹೃದಯ ಲಯ ತಪ್ಪುತ್ತದೆ. ಆನೆಯೂ ಸಾಯುತ್ತದೆ, ಸೊಪ್ಪಿಗೆ ಹೋದವರೂ ಸಾಯುತ್ತಾರೆ. ಕಾನೂನಿನಲ್ಲೂ ಅಪರಾಧ. ಪಲ್ಸ್ ಮಷಿನ್ 8,000 ವೋಲ್ಟ್ ಹೊಡೆದರೂ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ. ಯಾಕೆಂದರೆ ಏಟು ಕಣ್ಣು ಮಿಟುಕಿಸುವುದಕ್ಕಿಂತ ಮೊದಲೇ ಮುಗಿದಿರುತ್ತದೆ, ಮುಂದಿನ ಏಟಿನೊಳಗೆ ಹಿಂದೆ ಸರಿಯಲು ಒಂದು ಸೆಕೆಂಡು ಸಿಗುತ್ತದೆ. ಆ ಒಂದು ಸೆಕೆಂಡಿನ ಬಿಡುವೇ ಜೀವ ಉಳಿಸುವುದು.

ಈಗ ಎರಡು ಮಷಿನ್‌ಗಳ ವಿಷಯ. ಒಂದು, ಪೇಟೆಯಲ್ಲಿ ಝಟ್ಕಾ ಮಷಿನ್ ಅಂತ ಮಾರುವ, ಹೆಸರಿಲ್ಲದ ಲೋಕಲ್ ಜೋಡಣೆ. ಇನ್ನೊಂದು ಲೋ ಇಂಪೀಡೆನ್ಸ್ ಜಾತಿಯದು, ಅಂದರೆ ಒಳಗಿನ ತಡೆ ಕಡಿಮೆ ಇರುವುದು; ಔಟ್‌ಪುಟ್ ಜೂಲ್ ಎಷ್ಟು, ಅಂದರೆ ಒಂದೊಂದು ಏಟಿಗೆ ಬೇಲಿಗೆ ಬಿಡುವ ಶಕ್ತಿ ಎಷ್ಟು ಅಂತ ಲೇಬಲ್‌ನಲ್ಲೇ ಬರೆದಿದ್ದದ್ದು. ಬೆಲೆ ಮೂರು ಪಟ್ಟಿಗಿಂತ ಜಾಸ್ತಿ.

ಫೆಬ್ರವರಿಯಲ್ಲಿ ಬೇಲಿ ಬುಡ ಚೊಕ್ಕ ಮಾಡಿಸಿ ಅಳೆದಾಗ ಲೋಕಲ್ ಮಷಿನ್ನೇ ಮುಂದಿತ್ತು. ಮೀಟರ್ 9.4 ಕಿಲೋವೋಲ್ಟ್ ತೋರಿಸಿತು. ದುಬಾರಿ ಮಷಿನ್‌ನದು 8.1. ಪಕ್ಕದ ತೋಟದ ಅಣ್ಣ ಮೀಟರ್ ನೋಡಿ, "ಸುಮ್ನೆ ದುಡ್ಡು ದಂಡ ಮಾಡಿದ್ರಿ ಮಾರಾಯ್ರೇ" ಅಂದರು. ಆ ದಿನದ ಲೆಕ್ಕಕ್ಕೆ ಅವರ ಮಾತು ಸರಿಯಾಗಿಯೇ ಇತ್ತು.

ಜುಲೈ ಬಂತು. ಮಲೆನಾಡಿನ ಮಳೆ ಗೊತ್ತಲ್ಲ, ಹದಿನೈದು ದಿನ ಬಿಟ್ಟರೆ ಹುಲ್ಲು ಕೆಳಗಿನ ತಂತಿ ಮುಟ್ಟುತ್ತದೆ, ಬಳ್ಳಿ ಮೇಲಿನ ತಂತಿಗೆ ಹತ್ತುತ್ತದೆ. ಒಂದೊಂದು ಒದ್ದೆ ಎಲೆಯೂ ಒಂದಿಷ್ಟು ಕರೆಂಟನ್ನು ನೆಲಕ್ಕೆ ಇಳಿಸುತ್ತದೆ. ಬೇಲಿಯ ಕೊನೆಯ ಗೂಟದ ಹತ್ತಿರ ಲೋಕಲ್ ಮಷಿನ್ ಕೊಟ್ಟದ್ದು 1.6 ಕಿಲೋವೋಲ್ಟ್. ಅದೇ ಬೆಳಗ್ಗೆ, ಅದೇ ಹುಲ್ಲಿನ ನಡುವೆ, ಇನ್ನೊಂದನ್ನು ಹಾಕಿ ನೋಡಿದರೆ 4.9!

ಕಾರಣ ಕಷ್ಟದ್ದೇನಲ್ಲ. ಟ್ಯಾಂಕು ಎಷ್ಟೇ ಎತ್ತರದಲ್ಲಿರಲಿ, ಪೈಪು ಸಣ್ಣದಾದರೆ ನಲ್ಲಿ ಮುಚ್ಚಿದಾಗ ಮಾತ್ರ ಒತ್ತಡ. ನಲ್ಲಿ ಬಿಟ್ಟ ಕೂಡಲೇ ಜೊರ್ರಂತ ಇಳಿದುಹೋಗುತ್ತದೆ. ಮಷಿನ್ ಒಳಗಿನ ತಡೆ 5,000 ಓಮ್, ಹುಲ್ಲಿನಿಂದ ಬೇಲಿ ಸೋರುವ ದಾರಿಯದು 500 ಓಮ್ ಅಂದರೆ, 10,000 ವೋಲ್ಟ್‌ನಲ್ಲಿ ಬೇಲಿಗೆ ದಕ್ಕುವುದು ಬರೀ 900 ಚಿಲ್ಲರೆ. ಒಳಗಿನ ತಡೆ 300 ಓಮ್ ಇದ್ದರೆ 8,000 ವೋಲ್ಟ್‌ನ ಮಷಿನ್ ಅದೇ ಹುಲ್ಲಿನ ಮೇಲೆ 5,000 ಉಳಿಸಿಕೊಳ್ಳುತ್ತದೆ. ಈ ಸಮಸ್ಯೆಗೆ ಉತ್ತರ ಹುಡುಕಿದ್ದು ನ್ಯೂಜಿಲೆಂಡಿನಲ್ಲಿ. ಅಲ್ಲೂ ಮಳೆ, ಹುಲ್ಲು, ದನ. ಡಗ್ ಫಿಲಿಪ್ಸ್ ಎಂಬವರು 1962ರಲ್ಲಿ ಕೆಪಾಸಿಟರ್ ಡಿಸ್ಚಾರ್ಜ್ ಬೇಲಿ ಮಷಿನ್ ಮಾಡಿ, ಹುಲ್ಲು ತಾಗಿದರೂ ಸಾಯದ ಬೇಲಿಯನ್ನು ಕೊಟ್ಟರು. ಇವತ್ತು ಕೊಡಗಿನಿಂದ ಆಲೂರಿನವರೆಗೆ ನಾವು ಹಾಕುವ ಒಳ್ಳೆಯ ಮಷಿನ್‌ಗಳೆಲ್ಲ ಆ ದಾರಿಯವೇ.

ಹಂದಿಗಳ ತೀರ್ಪೂ ಮೀಟರ್ ಹೇಳಿದ್ದೇ. 2 ಕಿಲೋವೋಲ್ಟ್‌ಗಿಂತ ಕೆಳಗಿದ್ದಾಗ ತಂತಿಯಡಿ ನುಗ್ಗಿ ಗದ್ದೆ ಉತ್ತುಹಾಕಿದವು. ಕಾಡುಹಂದಿಗೆ ಮೈತುಂಬ ಒರಟು ಕೂದಲು, ಬೆನ್ನಿಗೆ ಏಟು ತಾಗುವುದೇ ಕಷ್ಟ. ತಾಗಬೇಕಾದದ್ದು ಒದ್ದೆ ಮೂತಿಗೆ. ಅದಕ್ಕೇ ಕೆಳಗಿನ ತಂತಿ ನೆಲದಿಂದ ಒಂದು ಗೇಣು ಮಾತ್ರ ಮೇಲಿರಬೇಕು. ಅಷ್ಟು ಕೆಳಗಿದ್ದರೆ ಹುಲ್ಲು ತಾಗಿಯೇ ತಾಗುತ್ತದೆ. ಹಾಗಾಗಿ ಹಂದಿ ಕಾಟ ಇರುವವರು ಜೂಲ್ ನೋಡದೆ ಮಷಿನ್ ತರುವ ಹಾಗೇ ಇಲ್ಲ.

ಲೋಕಲ್ ಮಷಿನ್‌ನಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಬೇರೆ. ಬ್ಯಾಟರಿ ಪೂರ್ತಿ ಚಾರ್ಜ್ ಆದ ದಿನ ಅದರ ಟಕ್ ಟಕ್ ಬೇಗ ಬೇಗ ಬೀಳುತ್ತಿತ್ತು, ಸೆಕೆಂಡಿಗೆ ಎರಡರಂತೆ. ಏಟು ತಿಂದವರಿಗೆ ಹಿಂದೆ ಸರಿಯಲು ಸಮಯವೇ ಸಿಗದಂತೆ ಆಗುತ್ತದೆ. ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ 500 ಓಮ್ ಹೊರೆಗೆ ಒಂದು ಪಲ್ಸಿನಲ್ಲಿ 5 ಜೂಲ್ ದಾಟಬಾರದು ಅನ್ನುತ್ತದೆ, ಪಲ್ಸುಗಳ ನಡುವೆ ಬಿಡುವು ಇರಲೇಬೇಕು ಅನ್ನುತ್ತದೆ. ಮನೆಯಲ್ಲಿ ಮಕ್ಕಳು, ಕರು ಓಡಾಡುವ ಕಡೆ ಇದರಲ್ಲಿ ರಾಜಿ ಬೇಡ. ಅಂಗಡಿಯಲ್ಲೇ ಗಡಿಯಾರ ಹಿಡಿದು ಎಣಿಸಿ. ಬಲ ಸಾಲದು ಅಂತ ಎರಡು ಮಷಿನ್‌ಗಳನ್ನು ಒಂದೇ ಬೇಲಿಗೆ ಒಟ್ಟಿಗೆ ಕೊಡುವುದಂತೂ ಬೇಡವೇ ಬೇಡ.

ಹಾಗಂತ ದುಬಾರಿ ಮಷಿನ್ ತಂದು ಕೂತರೆ ಆಗಲಿಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಎರಡೂ ಒಂದೇ. ಕರೆಂಟು ಪ್ರಾಣಿಯ ಮೈಯಿಂದ ನೆಲಕ್ಕಿಳಿದು, ನೆಲದ ಮೂಲಕ ಮಷಿನ್‌ಗೆ ವಾಪಸ್ ಬರಬೇಕು ಅಲ್ವಾ? ಏಪ್ರಿಲ್‌ನಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾದಾಗ ಆ ದಾರಿಯೇ ಮುಚ್ಚಿಹೋಗುತ್ತದೆ. ಪರೀಕ್ಷೆ ಸುಲಭ. ಮಷಿನ್ ಆಫ್ ಮಾಡಿ, ನೂರು ಮೀಟರ್ ಆಚೆ ಕಬ್ಬಿಣದ ಸಲಾಕೆಗಳನ್ನು ನೆಲಕ್ಕೂ ತಂತಿಗೂ ಒರಗಿಸಿ. ಮತ್ತೆ ಆನ್ ಮಾಡಿ ಅರ್ಥ್ ರಾಡ್ ಮೇಲೆ ಮೀಟರ್ ಹಿಡಿಯಿರಿ. 300 ವೋಲ್ಟ್‌ಗಿಂತ ಜಾಸ್ತಿ ಬಂದರೆ ಇನ್ನಷ್ಟು ರಾಡ್ ಹೊಡೆಯಬೇಕು. ನಾವು ಬಚ್ಚಲ ನೀರು ಹರಿಯುವ ಜಾಗದಲ್ಲಿ ರಾಡ್ ಹಾಕಿದ ಮೇಲೆ ಬೇಸಿಗೆಯ ಏಟು ಸುಧಾರಿಸಿತು.

ಸೋರುವ ಜಾಗ ಹುಡುಕಲು ನಾನು ಬಳಸುವುದು ಹಳೇ ಟ್ರಾನ್ಸಿಸ್ಟರ್ ರೇಡಿಯೋ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ಇಟ್ಟು ಬೇಲಿ ಪಕ್ಕ ನಡೆಯುತ್ತಾ ಹೋಗಿ. ಕಿಡಿ ಹಾರುವ ಇನ್ಸುಲೇಟರ್ ಹತ್ತಿರ ಬಂದಾಗ ಚಟ್ ಚಟ್ ಸದ್ದು ಜೋರಾಗುತ್ತದೆ. ಕತ್ತಲಲ್ಲಾದರೆ ಬಿರುಕಿನಲ್ಲಿ ಸಣ್ಣ ನೀಲಿ ಕಿಡಿಯೂ ಕಾಣುತ್ತದೆ.

ಆನೆಗೆ ಮಾತ್ರ ಅಡ್ಡ ತಂತಿಯ ಬೇಲಿ ಸಾಲದು. ದಂತಕ್ಕೆ ಶಾಕ್ ತಾಗುವುದಿಲ್ಲ ಅಂತ ಅದು ಬೇಗ ಕಲಿಯುತ್ತದೆ. ದಂತದಲ್ಲೇ ತಂತಿ ಎತ್ತಿ ತುಂಡು ಮಾಡುತ್ತದೆ, ಇಲ್ಲವೇ ಮರ ಬೀಳಿಸಿ ದಾಟುತ್ತದೆ. ಅದಕ್ಕೆ ತೂಗು ಬೇಲಿ ವಾಸಿ. ಎತ್ತರದ ತಂತಿಯಿಂದ ಸಾಲಾಗಿ ಇಳಿಬಿಟ್ಟ ಎಳೆಗಳು, ಕೆಳತುದಿ ನೆಲದಿಂದ ಮೇಲೆಯೇ ಇರುತ್ತದೆ. ಹಾಗಾಗಿ ಹುಲ್ಲಿನ ಕಾಟವೂ ಕಡಿಮೆ. ಗಾಳಿಗೆ ಎಳೆಗಳು ಕೊಂಬೆಗೆ ಸಿಕ್ಕಿಕೊಳ್ಳುತ್ತವೆ, ಆಗಾಗ ಬಿಡಿಸಬೇಕು. ಹಂದಿ ಅದರಡಿ ನೆಮ್ಮದಿಯಾಗಿ ನುಸುಳುತ್ತದೆ.

ನಮ್ಮಲ್ಲಿ ಈಗ ಗದ್ದೆಯ ಸುತ್ತ ಅಡ್ಡ ತಂತಿ, ಕಾಡಿನ ಅಂಚಿಗೆ ತೂಗು ಬೇಲಿ. ಎರಡಕ್ಕೂ ಬೇರೆ ಬೇರೆ ಲೋ ಇಂಪೀಡೆನ್ಸ್ ಮಷಿನ್. ಲೋಕಲ್ ಮಷಿನ್ ರಿಪೇರಿಗೆ ಸಲೀಸು, ಬಿಡಿಭಾಗ ಪೇಟೆಯಲ್ಲೇ ಸಿಗುತ್ತದೆ, ಅದು ದೊಡ್ಡ ಅನುಕೂಲ. ಬಯಲುಸೀಮೆಯ ಒಣ ಹೊಲಕ್ಕೆ, ಏಟಿನ ವೇಗ ಸರಿಯಿದ್ದರೆ, ಅದು ಸಾಕಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣದ ನಮ್ಮ ಕಡೆ, ಮಷಿನ್‌ಗೆ ಕೊಡುವ ದುಡ್ಡಿನ ಜೊತೆ ಒಂದು ದೊಡ್ಡ ಪ್ಯಾನೆಲ್, ಒಂದು ಮೀಟರ್, ಒಂದು ಸಿಡಿಲು ತಡೆ ಇವಕ್ಕೂ ದುಡ್ಡು ಎತ್ತಿಡಿ.