ಮಡಿಕೇರಿಯ ಚಳಿಗೆ ಒಗ್ಗದ ಕೈಪಿಡಿ: ಕುಡಿಯುವ ನೀರಿನ ಪರೀಕ್ಷಾ ಕಿಟ್ ಬಳಸಿದ ಅನುಭವ

ಬಾವಿ, ತೋಡು, ತೋಟದ ಕಾರ್ಮಿಕರ ಲೈನ್ ಮನೆಗಳ ತೊಟ್ಟಿ ಎಂದು ಕೊಡಗಿನಲ್ಲಿ ನೀರಿನ ಮಾದರಿ ಸಂಗ್ರಹಿಸುತ್ತ ತಿರುಗುವ ನನ್ನಂಥ ಪರಿಸರ ಆರೋಗ್ಯ ತಜ್ಞರಿಗೆ ಪ್ರಯೋಗಾಲಯ ಸದಾ ಹತ್ತಿರದಲ್ಲಿರುವುದಿಲ್ಲ. ಹಾಗಾಗಿ ಗ್ರಾಮ ಪಂಚಾಯಿತಿಗಳು ಬಳಸುವಂಥದೇ ಒಂದು ಕಿಟ್ ಕೊಂಡು, ಮುಂಗಾರಿನಿಂದ ಕಾಫಿ ಕೊಯ್ಲಿನವರೆಗೆ ಉಪಯೋಗಿಸಿದ್ದೇನೆ. ಪಿಎಚ್ (ನೀರಿನ ಆಮ್ಲೀಯತೆ ಅಥವಾ ಕ್ಷಾರೀಯತೆಯ ಅಳತೆ), ಕ್ಲೋರಿನ್, ನೈಟ್ರೇಟ್, ಕಬ್ಬಿಣ, ಫ್ಲೋರೈಡ್ ಪತ್ತೆಹಚ್ಚುವ ದ್ರಾವಣಗಳು, ಬಣ್ಣ ಹೋಲಿಸಲು ಒಂದು ಪಟ್ಟಿ, ನೀರಿನಲ್ಲಿ ಕರಗಿರುವ ಲವಣಾದಿಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಮತ್ತು ಮಲದ ಕಲ್ಮಶ ಪತ್ತೆಹಚ್ಚುವ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿಗಳು ಇದರಲ್ಲಿವೆ.

ಕೊಟ್ಟ ಹಣಕ್ಕೆ ಸಾರ್ಥಕವಾದದ್ದು ಈ ಬಾಟಲಿಗಳು. ಭಾರತೀಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನವಿದು: ಗುರುತಿನವರೆಗೆ ನೀರು ತುಂಬಿ ಮುಚ್ಚಿಟ್ಟರೆ, ಮಲದಿಂದ ಬಂದ ಬ್ಯಾಕ್ಟೀರಿಯಾಗಳು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲವು ಬಾಟಲಿಯಲ್ಲಿ ಮೊದಲೇ ಹಾಕಿರುವ ಪೋಷಕ ಮಾಧ್ಯಮದ ಕಬ್ಬಿಣದೊಡನೆ ಸೇರಿ ನೀರನ್ನು ಕಪ್ಪಾಗಿಸುತ್ತದೆ. ಆದರೆ ಕೈಪಿಡಿಯಲ್ಲಿ ‘ಕೋಣೆಯ ಉಷ್ಣತೆಯಲ್ಲಿ 24ರಿಂದ 48 ಗಂಟೆ ಇಡಿ’ ಎಂದಷ್ಟೇ ಬರೆದಿದೆ; ಬರೆದವರು ಬಯಲುಸೀಮೆಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಈ ಬ್ಯಾಕ್ಟೀರಿಯಾಗಳು ಚುರುಕಾಗಿ ಬೆಳೆಯಲು 30 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು, ಜುಲೈ ತಿಂಗಳ ಮಡಿಕೇರಿಯಲ್ಲಾದರೋ ಮನೆಯೊಳಗೂ ಉಷ್ಣತೆ 20ರ ಆಸುಪಾಸಿನಲ್ಲಿರುತ್ತದೆ. ಹೊತ್ತು ಮುಗಿದರೂ ಕಪ್ಪಾಗದ ಬಾಟಲಿಯನ್ನು ನೋಡಿ ನೀರು ಶುದ್ಧವೆಂದು ಬರೆದುಕೊಂಡರೆ ಅಪಾಯ, ಏಕೆಂದರೆ ಬಾವಿಗಳು ಅತಿಹೆಚ್ಚು ಕಲುಷಿತವಾಗುವುದು ಅದೇ ಮಳೆಗಾಲದಲ್ಲಿ. ನಾನು ಬಾಟಲಿಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಿಸಿನೀರಿನ ಸೀಸೆಯ ಜೊತೆಗಿಟ್ಟು, ಆಗಾಗ ಸೀಸೆಯ ಬಿಸಿನೀರು ಬದಲಿಸಿ, ಫಲಿತಾಂಶ ಪಡೆದಿದ್ದೇನೆ. ಕಪ್ಪಾದ ಬಾಟಲಿಯನ್ನು ಬ್ಲೀಚಿಂಗ್ ಪೌಡರಿನ ದ್ರಾವಣ ಹಾಕಿಯೇ ಚೆಲ್ಲಬೇಕು ಎಂಬುದನ್ನು ಕೈಪಿಡಿ ಸ್ಪಷ್ಟವಾಗಿ ತಿಳಿಸಿದೆ, ಅದು ಮೆಚ್ಚಬೇಕಾದ ಮಾತು.

ಟಿಡಿಎಸ್ ಮೀಟರ್ ಬಗ್ಗೆ ನನಗೆ ಅಂಥ ಗೌರವವಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಸ್ವೀಕಾರಾರ್ಹ. ಮಳೆಯೇ ಮೂಲವಾದ ನಮ್ಮ ತೆರೆದ ಬಾವಿಗಳಲ್ಲಿ ಲವಣಾಂಶ ಸಹಜವಾಗಿಯೇ ಕಡಿಮೆ. ಶೌಚದ ಗುಂಡಿಯ ಪಕ್ಕದ ಬಾವಿಗೂ ಮೀಟರ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ, ಮನೆಯವರು ಅದನ್ನೇ ನಂಬುತ್ತಾರೆ. ಮಾನಕವು 100 ಮಿಲಿಲೀಟರ್ ನೀರಿನಲ್ಲಿ ಮಲದ ಕಲ್ಮಶವನ್ನು ಸೂಚಿಸುವ ಇ. ಕೊಲೈ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಇರಬಾರದೆನ್ನುತ್ತದೆ. ಆ ವಿಷಯದಲ್ಲಿ ಈ ಮೀಟರ್ ಕುರುಡು.

ಕಾಫಿ ಪಲ್ಪಿಂಗ್ ಕಾಲದಲ್ಲಿ ಕಿಟ್‌ನ ಮಿತಿ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರು ಹುಳಿತು ತೋಡಿಗೆ ಸೇರಿದರೆ ಪಿಎಚ್ ಇಳಿಯುತ್ತದೆ, ಸಕ್ಕರೆ ಅಂಶವನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಕಬಳಿಸುತ್ತವೆ. ಪಿಎಚ್ ಕುಸಿದದ್ದನ್ನು ಕಿಟ್ ತೋರಿಸಬಲ್ಲದು, ಆದರೆ ನೀರೇ ಕಂದು ಬಣ್ಣಕ್ಕೆ ತಿರುಗಿರುವುದರಿಂದ ಉಳಿದ ಬಣ್ಣದ ಪರೀಕ್ಷೆಗಳನ್ನು ಓದಲಾಗುವುದಿಲ್ಲ. ಮುಖ್ಯವಾದ ಬಿಒಡಿ, ಅಂದರೆ ಸೂಕ್ಷ್ಮಜೀವಿಗಳು ಹೀಗೆ ಬಳಸುವ ಆಮ್ಲಜನಕದ ಪ್ರಮಾಣ, ಅಳೆಯಲು ಮಾದರಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇರಿಸುವ ಪ್ರಯೋಗಾಲಯವೇ ಬೇಕು.

ಪಂಚಾಯಿತಿ, ಶಾಲೆ, ಸ್ವಸಹಾಯ ಸಂಘಗಳು ಇದನ್ನು ಕೊಳ್ಳಬಹುದೆಂದು ಹೇಳುತ್ತೇನೆ. ಒಂದೇ ಬಾವಿಯ ಮನೆಯವರು ಇಡೀ ಪೆಟ್ಟಿಗೆಯ ಬದಲು ಎಚ್‌ಟುಎಸ್ ಬಾಟಲಿಗಳನ್ನಷ್ಟೇ ಬಿಡಿಯಾಗಿ ತರಿಸಿಕೊಂಡರೆ ಸಾಕು. ದ್ರಾವಣಗಳಿಗೂ ಬಾಟಲಿಗಳಿಗೂ ಅವಧಿ ಮುಗಿಯುವ ದಿನಾಂಕವಿರುವುದರಿಂದ, ಹಣ ಕೊಡುವ ಮೊದಲು ಅದನ್ನು ನೋಡಿಕೊಳ್ಳಿ.